ಕಿರುಸೌರಜ್ವಾಲೆಗಳಲ್ಲಿ ಕಣಗಳ ವೇಗೋತ್ಕರ್ಷ: ರಾಯಚೂರು, ದೇವದುರ್ಗ ಮತ್ತು ಮಾನ್ವಿ ಪ್ರಾಂತ್ಯಗಳಿಗೆ ವಿಶೇಷ ಅನ್ವಯದೊಡನೆ

ಸೂರ್ಯನು ಭೂಮಿಯಿಂದ ಸರಾಸರಿ 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಈ ಅಂತರವು ರಾಯಚೂರು ಜಿಲ್ಲೆಗೂ ಅನ್ವಯಿಸುತ್ತದೆ ಎಂಬುದನ್ನು ಖಗೋಳಶಾಸ್ತ್ರಜ್ಞರು ಒಮ್ಮತದಿಂದ ಒಪ್ಪಿದ್ದಾರೆ. ಸ್ಥಳೀಯರಲ್ಲಿ ಆ ಒಮ್ಮತ ಇನ್ನೂ ಮೂಡಿಲ್ಲ. ಜನವರಿ ಮೊದಲ ವಾರದಲ್ಲಿ ಭೂಮಿಯು ಸೂರ್ಯನಿಗೆ ಅತಿ ಸಮೀಪದಲ್ಲಿರುತ್ತದೆ. ಮೇ ತಿಂಗಳ ನಡುವಿನ ಹೊತ್ತಿಗೆ ಅಲ್ಲಿಂದ ಸುಮಾರು 40 ಲಕ್ಷ ಕಿಲೋಮೀಟರ್ ಆಚೆ ಸರಿದಿರುತ್ತದೆ. ಅಂದರೆ ಸ್ಟೇಷನ್ ರಸ್ತೆಯ ಡಾಂಬರು ಚಪ್ಪಲಿಗೆ ಅಂಟತೊಡಗುವ ಅವಧಿಯಲ್ಲಿ ಸೂರ್ಯನು ವಾಸ್ತವವಾಗಿ ಹಿಂದೆ ಸರಿಯುತ್ತಿರುತ್ತಾನೆ. ಇದನ್ನು ಅವನ ಸೌಜನ್ಯವೆಂದು ಪರಿಗಣಿಸತಕ್ಕದ್ದು.

ರಾಯಚೂರು ನಗರವು ಉತ್ತರ ಅಕ್ಷಾಂಶ 16 ಡಿಗ್ರಿ 12 ನಿಮಿಷದಲ್ಲಿ ನೆಲೆಗೊಂಡಿರುವುದರಿಂದ ಮೇ 5ರ ಆಸುಪಾಸಿನಲ್ಲಿ, ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ, ಸೂರ್ಯನು ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಆಗ ನೆಟ್ಟಗೆ ನಿಂತ ಯಾವ ವಸ್ತುವಿಗೂ ನೆರಳಿರುವುದಿಲ್ಲ. ಈ ವಿದ್ಯಮಾನದ ಸಾಮಾಜಿಕ ಪರಿಣಾಮವನ್ನು ಇದುವರೆಗಿನ ವಿದ್ವಾಂಸರು ಉಪೇಕ್ಷಿಸಿದ್ದಾರೆ. ಬೇಸಿಗೆಯಲ್ಲಿ ವಿದ್ಯುತ್ ಕಂಬದ ನೆರಳು ಸಾರ್ವಜನಿಕ ಆಸ್ತಿಯಾಗಿದ್ದು, ಅದರ ಅಗಲ ಒಂದು ಗೇಣಿಗೆ ಮೀರದ ಕಾರಣ ಫಲಾನುಭವಿಗಳು ಒಬ್ಬರ ಬೆನ್ನ ಹಿಂದೊಬ್ಬರು ನಿಲ್ಲುತ್ತಾರೆ. ಕಂಬದ ಬುಡ ಹಿರಿಯರಿಗೆ, ತುದಿ ವಿದ್ಯಾರ್ಥಿಗಳಿಗೆ ಮೀಸಲು. ಸೂರ್ಯ ಸರಿದಂತೆ ಇಡೀ ಸಾಲು ಕಂಬವನ್ನು ಕೇಂದ್ರವಾಗಿಟ್ಟುಕೊಂಡು ನಿಧಾನವಾಗಿ ಸುತ್ತುತ್ತದೆ. ನಗರದ ತೀನ್ ಕಂದೀಲ್ ಬಳಿಯ ವರ್ತಕರು ಈ ಸಾಲಿನ ದಿಕ್ಕನ್ನು ನೋಡಿ ಊಟಕ್ಕೆ ಬಾಗಿಲು ಹಾಕುತ್ತಾರೆ. ಮೇ 5ರಂದು ಮಾತ್ರ ಕೆಲವು ನಿಮಿಷಗಳ ಕಾಲ ಈ ಸಾಲಿಗೆ ನಿಲ್ಲಲು ಶಾಸ್ತ್ರಸಮ್ಮತ ಸ್ಥಳವಿರುವುದಿಲ್ಲ.

ಆದರೆ ಪ್ರಸ್ತುತ ಅಧ್ಯಯನದ ವಸ್ತು ಸೂರ್ಯನ ದೊಡ್ಡತನವಲ್ಲ, ಅವನ ಸಣ್ಣತನ.

ಸೂರ್ಯನ ಮೇಲೆ ಆಗಾಗ ಹಠಾತ್ತನೆ ಶಕ್ತಿ ಸ್ಫೋಟಿಸುವುದನ್ನು ಸೌರಜ್ವಾಲೆ ಎನ್ನುತ್ತಾರೆ. ಅಮೆರಿಕದ ಉಪಗ್ರಹಗಳು ಅಳೆಯುವ ಕ್ಷ-ಕಿರಣಗಳ ತೀವ್ರತೆಗೆ ಅನುಸಾರವಾಗಿ ಇವನ್ನು ಎ, ಬಿ, ಸಿ, ಎಂ, ಎಕ್ಸ್ ಎಂದು ಐದು ವರ್ಗಗಳಾಗಿ ವಿಂಗಡಿಸಲಾಗಿದ್ದು, ಒಂದೊಂದು ವರ್ಗವೂ ಹಿಂದಿನದರ ಹತ್ತು ಪಟ್ಟು. ಪತ್ರಿಕೆಗಳಿಗೆ ಬರುವುದು ಎಕ್ಸ್ ಮಾತ್ರ. 2024ರ ಮೇ 14ರಂದು ಎಕ್ಸ್ 8.7 ಪ್ರಮಾಣದ ಜ್ವಾಲೆ ಕಾಣಿಸಿತು. ಅದಕ್ಕೆ ಮೂರ್ನಾಲ್ಕು ದಿನ ಮೊದಲು ಬೀಸಿದ ಸೌರ ಚಂಡಮಾರುತದಿಂದ ಲಡಾಖಿನ ಹಾನ್ಲೆಯಲ್ಲಿ ರಾತ್ರಿಯ ಆಕಾಶ ಕೆಂಪೇರಿತ್ತು. ಅದೇ ರಾತ್ರಿ ರಾಯಚೂರಿನಲ್ಲಿ ಜನ ಮಾಳಿಗೆಯ ಮೇಲೆ ಮಲಗಿ ಆಕಾಶವನ್ನೇ ನೋಡುತ್ತಿದ್ದರು. ಅವರ ವೀಕ್ಷಣೆಯ ಉದ್ದೇಶ ಗಾಳಿಯಾಗಿತ್ತು.

ಶ್ರೇಣೀಕರಣದ ಪ್ರಶ್ನೆ ಬಂದಾಗ ಕರ್ನಾಟಕದ ಕೊಡುಗೆಯನ್ನು ಸ್ಮರಿಸದೆ ಮುಂದುವರಿಯುವುದು ಅನುಚಿತ. ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವು ಎಂದು ಗುರುತಿಸಿ, ಅವನ್ನು ಹಿಂದುಳಿದ, ಅತಿ ಹಿಂದುಳಿದ, ಅತ್ಯಂತ ಹಿಂದುಳಿದ ಎಂದು ಮೂರು ದರ್ಜೆಗಳಲ್ಲಿ ಇರಿಸಿತು. ಅತ್ಯಂತ ಹಿಂದುಳಿದ 39ರಲ್ಲಿ ದೇವದುರ್ಗವೂ ಇದೆ, ಮಾನ್ವಿಯೂ ಇದೆ. ಇಲ್ಲಿ ಎದುರಾಗುವ ತಾಂತ್ರಿಕ ತೊಡಕು ಸೂಕ್ಷ್ಮವಾದದ್ದು. ‘ಅತಿ’ಯನ್ನೂ ‘ಅತ್ಯಂತ’ವನ್ನೂ ಬಳಸಿ ಮುಗಿಸಿದ ಮೇಲೆ ಅದಕ್ಕೂ ಕೆಳಗೆ ಏನಾದರೂ ಕಂಡುಬಂದರೆ ನಮೂದಿಸಲು ಕಾಲಂ ಉಳಿಯುವುದಿಲ್ಲ. ಸೌರವಿಜ್ಞಾನಿಗಳಿಗೂ ಇದೇ ಸಂಕಟ. ಅವರ ಪಟ್ಟಿ ‘ಎ’ಯಿಂದ ಆರಂಭವಾಗುತ್ತದೆ, ಇಂಗ್ಲಿಷ್ ವರ್ಣಮಾಲೆಯಲ್ಲಿ ಎಗಿಂತ ಮೊದಲು ಅಕ್ಷರವಿಲ್ಲ. ಹೀಗಾಗಿ ಅದಕ್ಕಿಂತ ಸಣ್ಣ ಜ್ವಾಲೆಗಳು ಬಹುಕಾಲ ದರ್ಜೆಯಿಲ್ಲದೆಯೇ ಉರಿದು ಆರಿದವು.

ಇವುಗಳ ಲೆಕ್ಕ ತೆಗೆದ ಕೀರ್ತಿಯಲ್ಲಿ ದೊಡ್ಡ ಪಾಲು ಚಂದ್ರಯಾನ-2ಕ್ಕೆ ಸಲ್ಲುತ್ತದೆ. 2019ರ ಜುಲೈ 22ರಂದು ಹೊರಟ ಆ ನೌಕೆಯಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ರೂಪಿಸಿದ ಸೌರ ಕ್ಷ-ಕಿರಣ ಮಾಪಕವೊಂದಿತ್ತು. ಚಂದ್ರನನ್ನು ನೋಡಲೆಂದು ಕಳಿಸಿದ ನೌಕೆಯು ಚಂದ್ರನ ಸುತ್ತ ಸುತ್ತುತ್ತಲೇ ಸೂರ್ಯನನ್ನು ನೋಡಿಕೊಂಡು ಬಂದಿತು. 2019-20ರಲ್ಲಿ ಸೂರ್ಯನು ನೂರು ವರ್ಷಗಳಲ್ಲೇ ಅತ್ಯಂತ ಶಾಂತವೆನ್ನಬಹುದಾದ ಸ್ಥಿತಿಯಲ್ಲಿದ್ದಾಗ, ಸೌರಕಲೆಗಳ ಸುಳಿವೇ ಇಲ್ಲದ ಖಾಲಿ ಪ್ರದೇಶಗಳಲ್ಲಿ, ಎ ದರ್ಜೆಗೂ ಕೆಳಗಿನ 98 ಕಿರುಜ್ವಾಲೆಗಳನ್ನು ಅದು ದಾಖಲಿಸಿತು. ಏನೂ ನಡೆಯುತ್ತಿಲ್ಲ ಎಂದು ಎಲ್ಲರೂ ಬರೆದುಕೊಂಡಿದ್ದ ಜಾಗದಲ್ಲಿ 98 ಘಟನೆಗಳು ನಡೆದಿದ್ದವು. ದೇವದುರ್ಗದ ನಿವಾಸಿಗಳಿಗೆ ಈ ಫಲಿತಾಂಶವನ್ನು ವಿವರಿಸಿದಾಗ ಅವರಲ್ಲಿ ವಿಸ್ಮಯದ ಲಕ್ಷಣಗಳೇನೂ ಕಂಡುಬರಲಿಲ್ಲ.

ಕಿರು ಎಂಬ ವಿಶೇಷಣದಿಂದ ಓದುಗರು ಮೋಸಹೋಗಬಾರದು. ಕಿರುಜ್ವಾಲೆಯೆಂದರೆ ದೊಡ್ಡ ಜ್ವಾಲೆಯ ಶಕ್ತಿಯಲ್ಲಿ ಸರಿಸುಮಾರು ಹತ್ತು ಲಕ್ಷದಲ್ಲೊಂದು ಪಾಲು. ಆ ಒಂದು ಪಾಲನ್ನು ಸ್ಥಳೀಯ ಮಾನಕ್ಕೆ ಪರಿವರ್ತಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಶಕ್ತಿನಗರದಲ್ಲಿ ಕೃಷ್ಣೆಯ ದಡದಲ್ಲಿರುವ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಎಂಟೂ ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಈ ಕೇಂದ್ರವು ಪೂರ್ಣ ಸಾಮರ್ಥ್ಯದಲ್ಲಿ, ಹಗಲಿರುಳು, ಒಂದು ಘಟಕವೂ ಒಂದು ಗಳಿಗೆಯೂ ಟ್ರಿಪ್ ಆಗದೆ, ಸುಮಾರು 184 ವರ್ಷ ಓಡಿದರೆ ಒಂದು ಕಿರುಜ್ವಾಲೆಯಷ್ಟು ಶಕ್ತಿ ಸಿಗುತ್ತದೆ. ಸೂರ್ಯ ಅದನ್ನು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತಾನೆ. ಈ ಲೆಕ್ಕದಲ್ಲಿ 184 ವರ್ಷ ಎಂಬ ಭಾಗವನ್ನು ತಜ್ಞರು ಸಂಭಾವ್ಯವೆಂದು ಒಪ್ಪುತ್ತಾರೆ. ಒಂದು ಘಟಕವೂ ಟ್ರಿಪ್ ಆಗದೆ ಎಂಬ ಭಾಗವನ್ನು ಭೌತನಿಯಮಗಳಿಗೆ ವಿರುದ್ಧವೆಂದು ಪರಿಗಣಿಸುತ್ತಾರೆ. ಕಿರುಜ್ವಾಲೆಗಿಂತಲೂ ಸಾವಿರ ಪಟ್ಟು ಸಣ್ಣದಾದ ನ್ಯಾನೋಜ್ವಾಲೆಗೆ ಇದೇ ಕೇಂದ್ರ ಎರಡು ತಿಂಗಳ ಮೇಲೊಂದು ವಾರ ದುಡಿದರೆ ಸಾಕು. ಅದಕ್ಕೂ ಕಲ್ಲಿದ್ದಲು ಬರಬೇಕು.

ಇನ್ನು ಕಾರ್ಯವಿಧಾನ. ಸೂರ್ಯನ ಒಡಲು ಕುದಿಯುತ್ತಿರುವುದರಿಂದ ಅದರಲ್ಲಿ ಬೇರೂರಿದ ಕಾಂತಕ್ಷೇತ್ರದ ಎಳೆಗಳು ಸದಾ ತಿರುಚಿಕೊಳ್ಳುತ್ತಿರುತ್ತವೆ. ಎದುರುಬದುರು ದಿಕ್ಕಿನ ಎಳೆಗಳು ಒಂದಕ್ಕೊಂದು ಒತ್ತಿ ಬಂದಾಗ ನಡುವೆ ಅತಿ ತೆಳುವಾದ ವಿದ್ಯುತ್ಪ್ರವಾಹದ ಪದರವೊಂದು ಏರ್ಪಡುತ್ತದೆ. ಒತ್ತಡ ಮಿತಿ ಮೀರಿದಾಗ ಎಳೆಗಳು ಕಡಿದು ಬೇರೆ ಜೊತೆಗಾರರೊಂದಿಗೆ ಮರುಜೋಡಣೆಯಾಗುತ್ತವೆ. ಕೂಡಿಟ್ಟ ಶಕ್ತಿ ಆ ಕ್ಷಣದಲ್ಲಿ ಬಿಡುಗಡೆಯಾಗಿ, ಅದರ ಒಂದು ದೊಡ್ಡ ಪಾಲು, ಕೆಲವೊಮ್ಮೆ ಅರ್ಧದಷ್ಟು, ಕಣಗಳ ಓಟಕ್ಕೆ ವಿನಿಯೋಗವಾಗುತ್ತದೆ. ಜಿನೀವಾದಲ್ಲಿ ಇದೇ ಕೆಲಸಕ್ಕೆ ನೆಲದಡಿಯಲ್ಲಿ 27 ಕಿಲೋಮೀಟರ್ ಸುತ್ತಳತೆಯ ಯಂತ್ರ ಕಟ್ಟಿದ್ದಾರೆ. ಸೂರ್ಯನ ಬಳಿ ಯಂತ್ರವಿಲ್ಲ. ದೇವದುರ್ಗದಲ್ಲೂ ಇಲ್ಲ.

ಸೂರ್ಯನನ್ನು ಬರಿಗಣ್ಣಿನಿಂದ ನೋಡುವುದು ಅಪಾಯಕರವಾದ ಕಾರಣ, ಕಣವೇಗೋತ್ಕರ್ಷವನ್ನು ಹತ್ತಿರದಿಂದ ಅಭ್ಯಸಿಸಬಯಸುವವರಿಗೆ ದೇವದುರ್ಗದ ಬಸ್ ನಿಲ್ದಾಣವನ್ನು ಶಿಫಾರಸು ಮಾಡಲಾಗಿದೆ. ಸಮಯ: ಸಂತೆಯ ದಿನ, ಸಂಜೆ ನಾಲ್ಕರ ನಂತರ. ಅಗತ್ಯ ಉಪಕರಣ: ಗಟ್ಟಿ ಚಪ್ಪಲಿ.

ಜ್ವಾಲಾಪೂರ್ವ ಹಂತದಲ್ಲಿ ನಿಲ್ದಾಣವು ಮೇಲ್ನೋಟಕ್ಕೆ ಶಾಂತವಾಗಿರುತ್ತದೆ. ರಾಯಚೂರಿಗೆ ಹೋಗುವವರು ಒಂದು ಕಡೆ, ಸುರಪುರಕ್ಕೆ ಹೋಗುವವರು ಅವರಿಗೆ ಎದುರಾಗಿ ಇನ್ನೊಂದು ಕಡೆ ಚೀಲಗಳ ಮೇಲೆ ಕೂತಿರುತ್ತಾರೆ. ರಾಯಚೂರು ಬಸ್ ಬರುತ್ತದೆಯೇ ಎಂಬ ಪ್ರಶ್ನೆಗೆ ಕಿಟಕಿಯ ಒಳಗಿನಿಂದ “ಬರ್ತದ, ಕುಂದ್ರಿ” ಎಂಬ ಉತ್ತರ ಲಭಿಸುತ್ತದೆ. ಈ ಉತ್ತರವು ಕಾಲಾತೀತವಾಗಿದ್ದು, ಬಸ್ಸಿನ ಸ್ಥಿತಿಗತಿಯನ್ನು ಅವಲಂಬಿಸಿರುವುದಿಲ್ಲ. ಒತ್ತಡ ಸಂಚಯಗೊಳ್ಳುವುದು ಈ ಹಂತದಲ್ಲೇ. ಆಮೇಲೆ ಹಳೆಯ ಊರಿನ ಬೋರ್ಡನ್ನೇ ಹೊತ್ತ ಬಸ್ಸೊಂದು ಗೇಟಿನಲ್ಲಿ ತಿರುಗುತ್ತದೆ. ಅದು ರಾಯಚೂರಿನದೇ ಎಂಬ ನಿರ್ಣಯಕ್ಕೆ ನಿಲ್ದಾಣವು ಹೇಗೆ ಬರುತ್ತದೆ ಎಂಬುದು ಅಜ್ಞಾತ. ಬೋರ್ಡಿನಿಂದಲ್ಲ ಎಂಬುದಷ್ಟೇ ಸಿದ್ಧವಾಗಿದೆ.

ಇಲ್ಲಿ ಒಂದು ಸೈದ್ಧಾಂತಿಕ ಅಂಶವನ್ನು ಗಮನಿಸಬೇಕು. ಕಣಗಳು ವೇಗ ಪಡೆಯುವುದು ಕಾಂತಕ್ಷೇತ್ರದ ಎಳೆಗಳು ಬಾಗಿ ಏರ್ಪಡುವ ಜ್ವಾಲೆಯ ಕಮಾನಿನ ಒಳಗೋ ಹೊರಗೋ ಎಂಬ ಚರ್ಚೆ ಬಹುಕಾಲ ನಡೆದಿತ್ತು. 1992ರ ಜನವರಿ 13ರ ಜ್ವಾಲೆಯೊಂದನ್ನು ಜಪಾನಿನ ಯೋಕೋ ಉಪಗ್ರಹ ಸೆರೆಹಿಡಿದು, ಮಸೂದಾ ಎಂಬ ವಿಜ್ಞಾನಿ ಅದನ್ನು ಪರಿಶೀಲಿಸಿದಾಗ, ತೀವ್ರ ಕ್ಷ-ಕಿರಣದ ನೆಲೆಯೊಂದು ಕಮಾನಿನ ನೆತ್ತಿಗೂ ಮೇಲೆ, ಹೊರಗಡೆಗೇ ಇರುವುದು ಕಂಡಿತು. ದೇವದುರ್ಗದ ದತ್ತಾಂಶವೂ ಇದನ್ನು ಸಮರ್ಥಿಸುತ್ತದೆ. ಗರಿಷ್ಠ ವೇಗೋತ್ಕರ್ಷ ಬಸ್ಸಿನ ಬಾಗಿಲಿನಲ್ಲಿ ನಡೆಯುವುದಿಲ್ಲ; ಬಸ್ಸು ನಿಲ್ಲುವುದಕ್ಕೆ ಹದಿನೈದು ಗಜ ಮೊದಲೇ, ತೆರೆದ ಬಯಲಿನಲ್ಲಿ ಮುಗಿದಿರುತ್ತದೆ. ಬಾಗಿಲಿನಲ್ಲಿ ನಡೆಯುವುದು ಘರ್ಷಣೆ ಮಾತ್ರ.

ಮೊದಲು ವೇಗ ಪಡೆಯುವುದು ಹಗುರ ಕಣಗಳು. ಎಲೆಕ್ಟ್ರಾನು ಪ್ರೋಟಾನಿಗಿಂತ 1,836 ಪಟ್ಟು ಹಗುರವಾದ ಕಾರಣ ಕಿರುಜ್ವಾಲೆಯಲ್ಲಿ ನಮಗೆ ಸಾಕ್ಷ್ಯ ಸಿಗುವುದು ಬಹುಪಾಲು ಎಲೆಕ್ಟ್ರಾನುಗಳದ್ದೇ. ನಿಲ್ದಾಣದಲ್ಲಿ ಈ ಪಾತ್ರವನ್ನು ಎರಡನೇ ತರಗತಿಯೊಳಗಿನ ಮಕ್ಕಳು ನಿರ್ವಹಿಸುತ್ತಾರೆ. ಇವರು ಬಾಗಿಲನ್ನು ಬಳಸುವುದಿಲ್ಲ. ಹೊರಗಿನಿಂದ ಒಂದು ಜೊತೆ ಕೈ ಎತ್ತುತ್ತದೆ, ಒಳಗಿನಿಂದ ಅಪರಿಚಿತವಾದ ಮತ್ತೊಂದು ಜೊತೆ ಕೈ ಸ್ವೀಕರಿಸುತ್ತದೆ, ಕಣವು ಕಿಟಕಿಯ ಸರಳುಗಳ ನಡುವಿನಿಂದ ಯಾವ ನಿರೋಧವೂ ಇಲ್ಲದೆ ಹಾದು ಮೂವರ ಸೀಟಿನ ಮೇಲೆ ಅಡ್ಡ ಮಲಗುತ್ತದೆ. ರುಮಾಲು ಸುತ್ತಿದ ಹಿರಿಯರು ಪ್ರೋಟಾನ್ ವರ್ಗಕ್ಕೆ ಸೇರುತ್ತಾರೆ. ಇವರಿಗೆ ವೇಗ ಬರುವುದು ತಡ. ಬಂದ ಮೇಲೆ ತಡೆಯುವ ಶಕ್ತಿ ಪ್ರಕೃತಿಯಲ್ಲಿಲ್ಲ.

ವೇಗ ಪಡೆದ ಎಲೆಕ್ಟ್ರಾನುಗಳು ಕಾಂತಕಮಾನಿನ ಗುಂಟ ಕೆಳಗಿಳಿದು, ಸೂರ್ಯನ ಕೆಳ ವಾತಾವರಣವಾದ ವರ್ಣಗೋಳದ ದಟ್ಟ ಅನಿಲಕ್ಕೆ ಬಡಿಯುತ್ತವೆ, ಹಠಾತ್ತನೆ ತಡೆಯಲ್ಪಡುತ್ತವೆ, ತಡೆಯಲ್ಪಟ್ಟ ಕಾರಣ ತೀಕ್ಷ್ಣ ಕ್ಷ-ಕಿರಣ ಸೂಸುತ್ತವೆ. ಬಸ್ಸಿನೊಳಗೆ ಮೊದಲೇ ಕೂತವರಿಗೆ ಹೊಸಬರು ಬಡಿದಾಗಲೂ ಸೂಸುವಿಕೆ ಉಂಟಾಗುತ್ತದೆ. ಅದು ಧ್ವನಿರೂಪದಲ್ಲಿದ್ದು, ಬಡಿದವರ ಹಿಂದಿನ ಮೂರು ತಲೆಮಾರುಗಳ ಉಲ್ಲೇಖವನ್ನು ಒಳಗೊಂಡಿರುತ್ತದೆ. ಬಡಿತದಿಂದ ಕಾದ ಅನಿಲ ಮೇಲೆದ್ದು ಕಮಾನನ್ನು ತುಂಬುತ್ತದೆ, ಆಗ ಮೃದು ಕ್ಷ-ಕಿರಣ ಏರುತ್ತದೆ. ಯಾವುದೇ ಗಳಿಗೆಯ ಮೃದುಕಿರಣದ ಮಟ್ಟ ಅದುವರೆಗಿನ ತೀಕ್ಷ್ಣಕಿರಣಗಳ ಒಟ್ಟು ಮೊತ್ತಕ್ಕೆ ಹೊಂದಿಕೊಂಡಿರುತ್ತದೆ ಎಂಬ ನಿಯಮವನ್ನು 1968ರಲ್ಲಿ ನ್ಯೂಪರ್ಟ್ ಸೂಕ್ಷ್ಮತರಂಗಗಳ ಅಳತೆಯಿಂದ ಮೊದಲು ಸೂಚಿಸಿದರು. ಬಸ್ಸಿನೊಳಗಿನ ಸೆಕೆ ಆ ಗಳಿಗೆಯ ಜಗಳಕ್ಕಲ್ಲ, ಅದುವರೆಗಿನ ಎಲ್ಲ ಜಗಳಗಳ ಮೊತ್ತಕ್ಕೆ ಸಮ ಎಂಬುದನ್ನು ಕಂಡಕ್ಟರುಗಳು ನ್ಯೂಪರ್ಟರಿಗಿಂತ ಮೊದಲೇ ಬಲ್ಲವರಾಗಿದ್ದರು. ಪ್ರಕಟಿಸಿರಲಿಲ್ಲ.

ಸೌರವಿಜ್ಞಾನದಲ್ಲಿ ಇಂದಿಗೂ ಪೂರ್ತಿ ಬಗೆಹರಿಯದ ‘ಎಣಿಕೆಯ ಸಮಸ್ಯೆ’ ಒಂದಿದೆ. ದೊಡ್ಡ ಜ್ವಾಲೆಯ ಕ್ಷ-ಕಿರಣವನ್ನು ವಿವರಿಸಲು ಪ್ರತಿ ಸೆಕೆಂಡಿಗೆ ಬೇಕಾಗುವ ಎಲೆಕ್ಟ್ರಾನುಗಳ ಸಂಖ್ಯೆ ಎಷ್ಟು ಅಪಾರವೆಂದರೆ, ವೇಗೋತ್ಕರ್ಷದ ತಾಣದಲ್ಲಿರುವ ಎಲೆಕ್ಟ್ರಾನುಗಳೆಲ್ಲ ಕ್ಷಣಮಾತ್ರದಲ್ಲಿ ಖಾಲಿಯಾಗಬೇಕು. ಆಗುವುದಿಲ್ಲ. ಇದಕ್ಕೆ ಪರಿಹಾರವಾಗಿ ವಿಜ್ಞಾನಿಗಳು ಮರುಪ್ರವಾಹವನ್ನು ಸೂಚಿಸಿದ್ದಾರೆ: ಕಣಗಳು ಕೆಳಗೆ ಧಾವಿಸುತ್ತಿರುವಾಗಲೇ ಅದೇ ದಾರಿಯಲ್ಲಿ ಬೇರೆ ಕಣಗಳು ಮೇಲಕ್ಕೆ ಬರುತ್ತಿರುತ್ತವೆ. ಇಳಿಯುವವರು ಇಳಿಯುವ ಮುನ್ನವೇ ಹತ್ತುವವರು ಹತ್ತುವ ದೇವದುರ್ಗದಲ್ಲಿ ಮರುಪ್ರವಾಹ ಕಲ್ಪನೆಯಾಗಿ ಉಳಿದಿಲ್ಲ. ಇಲ್ಲಿ ಇಳಿಯಬೇಕಾದ ಕೆಲವರು ಪ್ರವಾಹದ ಬಲಕ್ಕೆ ಸಿಕ್ಕು ಹಿಂದಿನ ಸೀಟಿಗೆ ಒಯ್ಯಲ್ಪಟ್ಟು ಪುನಃ ರಾಯಚೂರಿಗೇ ಮರಳಿದ ನಿದರ್ಶನಗಳುಂಟು. ಅವರಲ್ಲಿ ಒಬ್ಬರು ಅಲ್ಲಿಯೇ ಮನೆ ಮಾಡಿದ್ದಾರೆ. ಎಣಿಕೆಯ ಸಮಸ್ಯೆಯಂತೂ ಹಾಗೆಯೇ ಇದೆ: ಐವತ್ತರ ಆಸುಪಾಸು ಸೀಟುಗಳ ವಾಹನಕ್ಕೆ ಹತ್ತಿದವರು ನೂರ ಹತ್ತು, ದಾರಿಯ ಗಬ್ಬೂರಿನಲ್ಲಿ ಇಳಿದವರು ನಲವತ್ತು, ಉಳಿದವರು ನೂರ ಇಪ್ಪತ್ತು.

ಈ ಅಧ್ಯಾಯವನ್ನು ಮುಗಿಸುವ ಮುನ್ನ ಟವೆಲ್ಲಿನ ವಿಚಾರ ಪ್ರಸ್ತಾಪಿಸಬೇಕು. ಕಣಕ್ಕಿಂತ ಮೊದಲೇ ಕಿಟಕಿಯ ಮೂಲಕ ಪ್ರಕ್ಷೇಪಿಸಲಾಗುವ ಟವೆಲ್ಲು ಸೀಟಿನ ಮೇಲೆ ಬಿದ್ದ ಕ್ಷಣದಿಂದ ಅಲ್ಲೊಂದು ಅಭೇದ್ಯ ಕ್ಷೇತ್ರ ಏರ್ಪಡುತ್ತದೆ. ಟವೆಲ್ಲಿನ ಅಭಾವದಲ್ಲಿ ಕರ್ಚೀಫು, ಕೈಚೀಲ, ಪಹಣಿ ಇಟ್ಟ ಪ್ಲಾಸ್ಟಿಕ್ ಕವರು, ಒಂದೇ ಒಂದು ಚಪ್ಪಲಿ ಇವೂ ಸಮಾನ ಫಲ ನೀಡುತ್ತವೆ. ಕ್ಷೇತ್ರದ ಬಲವನ್ನು ಕೆಳಗಿನ ಸಂಭಾಷಣೆಯಿಂದ ಅಳೆಯಬಹುದು.

“ಯಣ್ಣಾ, ಈ ಟವಲ್ ಯಾರ್ದು?”

“ಸೀಟು ಹಿಡಿದಾರ ಯಕ್ಕಾ. ಚಾ ಕುಡಿಯಾಕ ಹೋಗ್ಯಾರ, ಬರ್ತಾರ.”

“ಬಸ್ ಗಬ್ಬೂರ ದಾಟ್ತಲ್ಲೋ!”

“ಬರ್ತಾರ ಅಂದ್ನೆಲ್ಲಾ.”

ಇಂಥ ಸಂದರ್ಭಗಳಲ್ಲಿ ನಲವತ್ತು ಜನ ನಿಂತು ಪ್ರಯಾಣಿಸುತ್ತಾರೆ, ಟವೆಲ್ಲು ಕೂತು ಪ್ರಯಾಣಿಸುತ್ತದೆ. ಕಣವೇ ಇಲ್ಲದೆ ಕ್ಷೇತ್ರ ಮಾತ್ರ 50 ಕಿಲೋಮೀಟರಿಗೂ ಹೆಚ್ಚು ದೂರ ಸಾಗುವ ಈ ವಿದ್ಯಮಾನಕ್ಕೆ ಸೂರ್ಯನಲ್ಲಿ ಸಮಾನಾಂತರ ಕಂಡುಬಂದಿಲ್ಲ. ಕಿರುಜ್ವಾಲೆಯ ಸಾಧಾರಣ ಎಲೆಕ್ಟ್ರಾನಿನ ವೇಗ ಸೆಕೆಂಡಿಗೆ ಸುಮಾರು 58,000 ಕಿಲೋಮೀಟರ್. ಅದು ದೇವದುರ್ಗದಿಂದ ರಾಯಚೂರನ್ನು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ತಲುಪಬಲ್ಲದು. ರಸ್ತೆಯ ಸ್ಥಿತಿಯನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.

ಕಿರುಜ್ವಾಲೆಗಳ ಅತಿದೊಡ್ಡ ಜನಗಣತಿ ನಡೆಸಿದ್ದು ಅಮೆರಿಕದ ರೆಸ್ಸಿ ಉಪಗ್ರಹ. 2002ರಲ್ಲಿ ಹಾರಿದ ಅದು 2007ರವರೆಗಿನ ಅವಧಿಯಲ್ಲೇ ಸುಮಾರು 25,000 ಕಿರುಜ್ವಾಲೆಗಳನ್ನು ಹೆಕ್ಕಿ ಕೊಟ್ಟಿತು. ಅವುಗಳಲ್ಲೂ ದೊಡ್ಡ ಜ್ವಾಲೆಗಳ ವಿಧಾನವೇ ನಡೆಯುತ್ತದೆ, ಆದರೆ ನಿಧಾನದ ಕಣಗಳು ಬಹಳ, ಅತಿವೇಗದವು ವಿರಳ. ಈಗ ಆ ಹೊಣೆ ಭಾರತದ ಮೇಲೂ ಇದೆ. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಂದು, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ಕಕ್ಷೆಗೆ ಸೇರಿತು. ಅದರ ಎರಡು ಕ್ಷ-ಕಿರಣ ಉಪಕರಣಗಳಾದ ಸೋಲೆಕ್ಸ್ ಮತ್ತು ಹೀಲಿಯೋಸ್ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾದವು. ಸೂರ್ಯನ ಹೊರ ಆವರಣವಾದ ಪ್ರಭಾವಲಯವನ್ನು ನೋಡುವ ವೆಲ್ಕ್ ಉಪಕರಣ ಹೊಸಕೋಟೆಯ ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ ಸಿದ್ಧವಾಯಿತು. ಹೊರಮುಖವಾಗಿ ಪಾರಾಗುವ ಎಲೆಕ್ಟ್ರಾನುಗಳು ಹೊರಡಿಸುವ ರೇಡಿಯೊ ಸದ್ದನ್ನು 1976ರಿಂದ ಗೌರಿಬಿದನೂರಿನ ಆಂಟೆನಾಗಳು ಆಲಿಸುತ್ತಿವೆ. ಒಟ್ಟಿನಲ್ಲಿ ಸೂರ್ಯನನ್ನು ಅಳೆಯುವ ರಾಜ್ಯದ ಸಲಕರಣೆಗಳೆಲ್ಲ ಬೆಂಗಳೂರಿನ ಸುತ್ತಮುತ್ತ ಕೇಂದ್ರೀಕೃತವಾಗಿವೆ. ಸೂರ್ಯ ಮಾತ್ರ ರಾಯಚೂರಿನಲ್ಲಿ ಕೇಂದ್ರೀಕೃತನಾಗಿದ್ದಾನೆ. ಪ್ರಾದೇಶಿಕ ಅಸಮತೋಲನದ ಚರ್ಚೆಗಳಲ್ಲಿ ಈ ವಿಂಗಡಣೆ ಪ್ರಸ್ತಾಪವಾಗದಿರುವುದು ಸೋಜಿಗ.

ಒಮ್ಮೆ ಮಾತ್ರ ಸಲಕರಣೆಗಳು ಜಿಲ್ಲೆಗೆ ಬಂದಿದ್ದವು. 1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲಾ, ಹುಬ್ಬಳ್ಳಿ, ಗದಗಿನ ಸೀಮೆಗಳನ್ನು ದಾಟಿ ರಾಯಚೂರಿನ ಮೇಲೆ ಹಾದುಹೋಯಿತು. ಖಭೌತ ಸಂಸ್ಥೆಯವರು ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ ದೂರದರ್ಶಕ ಹೂಡಿ, ಪ್ರಭಾವಲಯದ ಕಬ್ಬಿಣ ಸೂಸುವ ಕೆಂಪು ರೇಖೆಯನ್ನು ಹಿಡಿದರು. ಒಂಬತ್ತು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣ ಮಾತ್ರ ಆ ರೇಖೆಯನ್ನು ಸೂಸಬಲ್ಲದು. ಅದಕ್ಕೆ ಹತ್ತು ಲಕ್ಷ ಡಿಗ್ರಿಯಷ್ಟು ಶಾಖ ಬೇಕು. ಸೂರ್ಯನ ಮೈ 5,500 ಡಿಗ್ರಿ ಇರುವಾಗ ಅದರ ಹೊರಗಿನ ಪ್ರಭಾವಲಯ ಇಷ್ಟು ಬಿಸಿಯಾಗಿರುವುದೇಕೆ ಎಂಬುದು ಸೌರವಿಜ್ಞಾನದ ಹಿರಿಯ ಒಗಟು. ಒಲೆಗಿಂತ ಅಡುಗೆಮನೆಯ ಹೊರಜಗಲಿ ಹೆಚ್ಚು ಕಾದಿರುವ ಈ ಸ್ಥಿತಿ ವಿಜ್ಞಾನಿಗಳಿಗೆ ಅಸಹಜವೆನಿಸಿದೆ. ಮೇ ತಿಂಗಳಲ್ಲಿ ರಾಯಚೂರಿಗೆ ಹೆಣ್ಣು ಕೊಟ್ಟ ಬೀಗರು ಇದನ್ನು ಅಸಹಜವೆಂದು ಭಾವಿಸುವುದಿಲ್ಲ.

ಗ್ರಹಣದ ಪೂರ್ಣಾವಸ್ಥೆ ಮೂರು ನಿಮಿಷದೊಳಗೆ ಮುಗಿಯಿತು. ಅಷ್ಟು ಹೊತ್ತು ಬಹುಪಾಲು ಜನ ಕೊಡಗಳಿಗೆ ಗರಿಕೆ ಹಾಕಿ, ಬಾಗಿಲಿಕ್ಕಿಕೊಂಡು ಒಳಗಿದ್ದರು. ಇದನ್ನು ಮೂಢನಂಬಿಕೆ ಎಂದವರುಂಟು. ಆದರೆ ವರ್ಷವಿಡೀ ಸೂರ್ಯನನ್ನು ನೋಡಿದವರು ಅವನು ರಜೆ ಹಾಕಿದ ದಿನವೂ ಹೊರಬಂದು ನೋಡಬೇಕೆಂಬ ಅಪೇಕ್ಷೆ ಎಷ್ಟು ನ್ಯಾಯವೆಂಬುದನ್ನು ವಿವೇಚಿಸಬೇಕು. ಹಾಡಹಗಲು ಜಿಲ್ಲೆಗೆ ಸೂರ್ಯನಿಂದ ದೊರೆತ ಆ ಪರಿಹಾರಕ್ಕೆ ಯಾರೂ ಅರ್ಜಿ ಸಲ್ಲಿಸಿರಲಿಲ್ಲ. ಅದಕ್ಕೆ ಎರಡು ದಿನ ಮೊದಲು, ಫೆಬ್ರವರಿ 14ರಂದು, ಸೌರಜ್ವಾಲೆಗಳನ್ನೇ ನೋಡಲೆಂದು ಅಮೆರಿಕ ಒಂದು ಉಪಗ್ರಹ ಹಾರಿಸಿತ್ತು. ಅದು ವರ್ಷ ತುಂಬುವ ಮೊದಲೇ ದಿಕ್ಕು ಹಿಡಿಯುವ ಶಕ್ತಿ ಕಳೆದುಕೊಂಡಿತು, 1984ರ ಏಪ್ರಿಲ್‌ನಲ್ಲಿ ಗಗನಯಾತ್ರಿಗಳು ಹೋಗಿ ರಿಪೇರಿ ಮಾಡಿದರು. ಮೂರೂವರೆ ವರ್ಷದೊಳಗೆ ಸ್ಥಳಕ್ಕೇ ಬಂದು ಸರಿಪಡಿಸಿದ್ದನ್ನು ಈ ಭಾಗದಲ್ಲಿ ತುರ್ತು ಸೇವೆ ಎಂದು ವರ್ಗೀಕರಿಸಲಾಗುತ್ತದೆ.

ಪ್ರಭಾವಲಯವನ್ನು ಕಾಯಿಸುತ್ತಿರುವುದು ಯಾರು? ಅಪರೂಪಕ್ಕೊಮ್ಮೆ ಬರುವ ದೊಡ್ಡ ಜ್ವಾಲೆಗಳಲ್ಲ, ಎಡೆಬಿಡದೆ ನಡೆಯುವ, ಯಾವ ಉಪಕರಣಕ್ಕೂ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಸಿಡಿತಗಳು ಎಂದು ಯೂಜೀನ್ ಪಾರ್ಕರ್ 1988ರಲ್ಲಿ ವಾದಿಸಿದರು. ಈ ವಾದ ನಿಲ್ಲಬೇಕಾದರೆ ಒಂದು ಶರತ್ತು ಪೂರೈಸಬೇಕು. ಜ್ವಾಲೆ ಸಣ್ಣದಾದಷ್ಟೂ ಸಂಖ್ಯೆ ಹೆಚ್ಚುತ್ತದೆ. ಆ ಹೆಚ್ಚಳದ ಘಾತಾಂಕ 2ನ್ನು ಮೀರಿದರೆ ಮಾತ್ರ ಸಣ್ಣವುಗಳ ಒಟ್ಟು ಶಕ್ತಿ ದೊಡ್ಡವುಗಳದ್ದನ್ನು ಮೀರಿಸುತ್ತದೆ. ಅದು 2ಕ್ಕಿಂತ ತುಸು ಮೇಲಿದೆಯೋ ತುಸು ಕೆಳಗಿದೆಯೋ ಎಂದು ವಿದ್ವಾಂಸರು ಮೂರು ದಶಕಗಳಿಂದ ವಾಗ್ವಾದ ನಡೆಸಿದ್ದಾರೆ. ಸಣ್ಣವನ್ನು ಎಣಿಸಲಾಗದಿರುವುದೇ ಇದಕ್ಕೆ ಕಾರಣ.

ಎಡೆದೊರೆ ನಾಡಿನ, ಅಂದರೆ ಈ ಸೀಮೆಯ, ಇತಿಹಾಸದಲ್ಲೂ ದೊಡ್ಡವನ್ನೇ ಎಣಿಸಲಾಗಿದೆ. 1520ರ ಮೇ ತಿಂಗಳಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಹನಿಗೂ ನಡೆದ ಯುದ್ಧ ನಿಸ್ಸಂಶಯವಾಗಿ ಎಕ್ಸ್ ದರ್ಜೆಯದು. ಇತಿಹಾಸಕಾರರು ಫಿರಂಗಿ, ಆನೆ, ಸೈನ್ಯದ ಗಾತ್ರಗಳ ಬಗ್ಗೆ ವಿಪುಲವಾಗಿ ಬರೆದಿದ್ದಾರೆ. ಬೇಸಿಗೆಯ ನಡುವೆ ಈ ಊರಿಗೆ ಸ್ವಇಚ್ಛೆಯಿಂದ ಬಂದ ಕೊನೆಯ ದೊಡ್ಡ ಗುಂಪು ಅದು ಎಂಬ ಅಂಶ ಮಾತ್ರ ಅವರ ಗಮನ ತಪ್ಪಿದೆ. ಇತ್ತೀಚಿನ ಎಕ್ಸ್ ದರ್ಜೆಯ ಘಟನೆ 2024ರ ಆಗಸ್ಟ್ 10ರ ರಾತ್ರಿಯದು. ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು, ಮಂತ್ರಿಗಳು ಬಂದರು, ಕ್ಯಾಮೆರಾಗಳು ಬಂದವು, ನೀರು ಹೋಯಿತು.

ಆದರೆ ಅದೇ ಜಲಾಶಯದ ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿದು ಮಾನ್ವಿ, ರಾಯಚೂರಿನ ಕೊನೆಭಾಗಕ್ಕೆ ಬರುವಷ್ಟರಲ್ಲಿ ನಡೆಯುವ ವಿದ್ಯಮಾನಗಳಿಗೆ ದರ್ಜೆಯಿಲ್ಲ. ಕಾಲುವೆಯನ್ನು ಇಂದಿಗೂ ಮೈಲುಗಳಲ್ಲಿ ಅಳೆಯುತ್ತಾರೆ. ಗೇಜ್ ಇಷ್ಟು ಅಡಿ ಇರಬೇಕೆಂದು ಸಭೆಗಳಲ್ಲಿ ನಿರ್ಣಯವಾಗುತ್ತದೆ. ನಿರ್ಣಯವು ನೀರಿಗಿಂತ ಮೊದಲೇ ಕೊನೆಭಾಗ ತಲುಪುತ್ತದೆ. ಸೋನಾ ಮಸೂರಿ ಹೊಡೆ ಬಿಚ್ಚುವ ವಾರಗಳಲ್ಲಿ, ರಾತ್ರಿ ಹನ್ನೊಂದರ ನಂತರ, ಮೇಲಿನ ಹೊಲದವರು ತೂಬಿಗೆ ಗೋಣಿಚೀಲ ತುರುಕುತ್ತಾರೆ, ಕೆಳಗಿನವರು ಬ್ಯಾಟರಿ ಹಿಡಿದು ಬಂದು ಕೀಳುತ್ತಾರೆ. ಎದುರುಬದುರು ದಿಕ್ಕಿನ ಎಳೆಗಳು ಸೇರುತ್ತವೆ, ಕಡಿಯುತ್ತವೆ, ಮರುಜೋಡಣೆಯಾಗುತ್ತವೆ. ಬೆಳಿಗ್ಗೆ ಅದೇ ಇಬ್ಬರು ಒಂದೇ ಹೋಟೆಲಿನಲ್ಲಿ ಮಂಡಾಳು ಒಗ್ಗರಣೆ ತಿನ್ನುತ್ತಿರುತ್ತಾರೆ. ಠಾಣೆಯ ದಾಖಲೆಯಲ್ಲಿ ಆ ರಾತ್ರಿಯನ್ನು ಶಾಂತ ಎಂದು ನಮೂದಿಸಲಾಗಿರುತ್ತದೆ.

ಈ ಬಗೆಯ ಸಿಡಿತಗಳ ಘಾತಾಂಕ 2ನ್ನು ಮೀರುತ್ತದೆಯೇ ಎಂಬುದನ್ನು ನಿರ್ಧರಿಸುವ ಸಲುವಾಗಿ ಮಾನ್ವಿ ಭಾಗದ ಕೊನೆಹೊಲದ ರೈತರೊಬ್ಬರನ್ನು ಸಂದರ್ಶಿಸಿ, ಒಂದು ಹಂಗಾಮಿನಲ್ಲಿ ತೂಬಿನ ಬಳಿ ಅಂದಾಜು ಎಷ್ಟು ಘಟನೆಗಳು ಸಂಭವಿಸುತ್ತವೆ ಎಂದು ವಿಚಾರಿಸಲಾಯಿತು. ಅವರು ಪ್ರಶ್ನೆಯನ್ನು ಎರಡು ಸಲ ಹೇಳಿಸಿಕೊಂಡು, “ಎಣಿಸ್ಕೋತ ಕುಂತ್ರ ಗದ್ದಿಗೆ ನೀರು ಹಾಯ್ಸೋರು ಯಾರ್ರಿ?” ಎಂದರು. ಉತ್ತರವನ್ನು ‘ಮಾಹಿತಿ ಲಭ್ಯವಿಲ್ಲ’ ಎಂಬ ಕಾಲಂನಲ್ಲಿ ದಾಖಲಿಸಿಕೊಳ್ಳಲಾಗಿದೆ.